ಮಳೆ ನಕ್ಷತ್ರಗಳು ಆಕಾಶದಲ್ಲಿ ಎಲ್ಲಿವೆ?

ಕಳೆದ ಜೂನ್ ಕೊನೆಯ ವಾರದಲ್ಲಿ ಬೆಂಗಳೂರಿನ ಅಲ್ಲಾಳಸಂದ್ರದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ, ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣವನ್ನೂ ದಾಟಿದರೆ ಯಲಹಂಕಕ್ಕೆ ಮುಂಚೆ ಸಿಗುವ ಊರು ಅದು. ಕೃಷಿ ಮೇಳಕ್ಕೆ ಹೋಗುವ ನಮ್ಮ ಅನೇಕ ಸದಸ್ಯರಿಗೆ ಆ ದಾರಿ ಪರಿಚಿತ. ರಾತ್ರಿ ಊಟವಾದ ಮೇಲೆ ತಾರಸಿಯಲ್ಲಿ ಕೂತು ಊರಿಗೆ ಫೋನು ಮಾಡಿ, "ಆರಿದ್ರಾ ಹಿಡಿಯಿತೇ?" ಎಂದು ಕೇಳುತ್ತಿದ್ದೆ. ಪಕ್ಕದಲ್ಲಿದ್ದ ಮೊಮ್ಮಗಳು, "ಅಜ್ಜ, ಆರಿದ್ರಾ ಅಂದರೆ ನಕ್ಷತ್ರ ಅಂತೀಯಲ್ಲ, ಎಲ್ಲಿದೆ ತೋರಿಸು" ಎಂದಳು. ನಾನು ಮೋಡದ ಕಡೆಗೆ ಕೈ ತೋರಿಸಿ, "ಮೋಡ ಸರಿದರೆ ಕಾಣುತ್ತೆ" ಎಂದುಬಿಟ್ಟೆ.

ಆ ಉತ್ತರ ತಪ್ಪು. ಮೋಡ ಸರಿದರೂ ಆರಿದ್ರಾ ಮಳೆಯ ದಿನಗಳಲ್ಲಿ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ನಲವತ್ತು ವರ್ಷ ತೋಟ ಮಾಡಿದ ನನಗೆ ಇದು ಗೊತ್ತಿರಲಿಲ್ಲ. ನನ್ನಂತೆಯೇ ಇರುವ ಬೆಳೆಗಾರ ಬಂಧುಗಳಿಗೆ ಉಪಯೋಗವಾಗಲೆಂದು ಈಚೆಗೆ ಓದಿ, ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸೂರ್ಯನ ದಾರಿ, ಇಪ್ಪತ್ತೇಳು ಮನೆ

ಸೂರ್ಯ ಒಂದು ವರ್ಷದಲ್ಲಿ ನಕ್ಷತ್ರಗಳ ನಡುವೆ ಒಂದು ಸುತ್ತು ಬರುವಂತೆ ನಮಗೆ ತೋರುತ್ತದೆ. ವಾಸ್ತವವಾಗಿ ಸುತ್ತುತ್ತಿರುವುದು ಭೂಮಿ. ಈ ದಾರಿಯನ್ನು ನಮ್ಮ ಹಿಂದಿನವರು 27 ಸಮಭಾಗ ಮಾಡಿ, ಒಂದೊಂದು ಭಾಗಕ್ಕೆ ಅದರ ಬಳಿಯ ನಕ್ಷತ್ರದ ಹೆಸರಿಟ್ಟರು. ಒಂದು ಭಾಗವನ್ನು ದಾಟಲು ಸೂರ್ಯನಿಗೆ 13ರಿಂದ 14 ದಿನ ಬೇಕು. ಸೂರ್ಯ ಯಾವ ಭಾಗದಲ್ಲಿದ್ದಾನೋ ಆ ದಿನಗಳ ಮಳೆಗೆ ಆ ಹೆಸರು. ಹೀಗೆ ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಆರಂಭವಾಗಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಮುಗಿದು ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟುತ್ತದೆ.

ಅಂದರೆ ಆರಿದ್ರಾ ಮಳೆಯ ಕಾಲದಲ್ಲಿ ಆ ನಕ್ಷತ್ರ ಸೂರ್ಯನ ದಿಕ್ಕಿನಲ್ಲೇ ಇರುತ್ತದೆ. ಸೂರ್ಯನ ಜೊತೆಗೇ ಮೂಡಿ, ಜೊತೆಗೇ ಮುಳುಗುತ್ತದೆ. ಹಗಲಿನ ಬೆಳಕಿನಲ್ಲಿ ಅದು ಕಾಣುವುದೆಂತು? ಅದನ್ನು ನೋಡಬೇಕಾದರೆ ಆರು ತಿಂಗಳು ಕಾಯಬೇಕು. ಡಿಸೆಂಬರ್ ಕೊನೆಯ ಹೊತ್ತಿಗೆ ಅದು ಸೂರ್ಯಾಸ್ತದ ಆಸುಪಾಸಿನಲ್ಲಿ ಪೂರ್ವದಲ್ಲಿ ಮೂಡಿ ಇಡೀ ರಾತ್ರಿ ಆಕಾಶದಲ್ಲಿರುತ್ತದೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ಹಬ್ಬಗಳು ಚಂದ್ರನ ತಿಂಗಳಿನಿಂದ ನಡೆಯುತ್ತವೆ. ಆದ್ದರಿಂದ ದೀಪಾವಳಿ ಒಂದು ವರ್ಷ ಅಕ್ಟೋಬರಿನಲ್ಲಿ, ಇನ್ನೊಂದು ವರ್ಷ ನವೆಂಬರಿನಲ್ಲಿ ಬರುತ್ತದೆ. ನಡುನಡುವೆ ಅಧಿಕ ಮಾಸ ಸೇರಿಸಬೇಕಾಗುತ್ತದೆ. ಆದರೆ ಮಳೆಯ ಲೆಕ್ಕವನ್ನು ಹಿರಿಯರು ಸೂರ್ಯನಿಗೆ ಕಟ್ಟಿದರು. ಆದ್ದರಿಂದಲೇ ಪ್ರತಿ ವರ್ಷವೂ ಆರಿದ್ರಾ ಅದೇ ತಾರೀಖಿಗೆ, ಹೆಚ್ಚೆಂದರೆ ಒಂದು ದಿನದ ವ್ಯತ್ಯಾಸದಲ್ಲಿ ಬರುತ್ತದೆ. ಬೇಸಾಯಕ್ಕೆ ಬೇಕಾದದ್ದು ಋತು. ಋತುವನ್ನು ಮಾಡುವವನು ಸೂರ್ಯ. ಗೋಡೆಗೆ ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ಓದು ಬಾರದವನ ಬಾಯಲ್ಲೂ ನಿಲ್ಲುವಂಥ ಕ್ಯಾಲೆಂಡರ್ ಇದು.

ಕಣ ಕಾಯುವ ರಾತ್ರಿಯಲ್ಲಿ

ಮಳೆ ನಕ್ಷತ್ರಗಳನ್ನು ನೋಡಲು ತಕ್ಕ ಕಾಲವೆಂದರೆ ಡಿಸೆಂಬರಿನಿಂದ ಮಾರ್ಚ್. ಕಾಫಿ ಕೊಯ್ಲು ನಡೆದು ಕಣದಲ್ಲಿ ಹಣ್ಣು ಹರಡಿರುವ ದಿನಗಳು ಇವೇ. ರಾತ್ರಿ ಕಣ ಕಾಯುವವನಿಗೆ ಇದಕ್ಕಿಂತ ಒಳ್ಳೆಯ ಕಾಲಹರಣ ಬೇರೆ ಬೇಡ.

ಫೆಬ್ರವರಿಯಲ್ಲಿ ರಾತ್ರಿ 8ರಿಂದ 9 ಗಂಟೆಯ ಒಳಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತು ತಲೆಯೆತ್ತಿ. ನೆತ್ತಿಗಿಂತ ಸ್ವಲ್ಪ ಕೆಳಗೆ, ಒಂದೇ ಸಾಲಿನಲ್ಲಿ ಒತ್ತಾಗಿ ನಿಂತ ಮೂರು ನಕ್ಷತ್ರಗಳು ಕಾಣುತ್ತವೆ. ಇದು ಮಹಾವ್ಯಾಧ ಎಂಬ ಬೇಟೆಗಾರನ ಸೊಂಟದ ಪಟ್ಟಿ. ಪಟ್ಟಿಯ ಮೇಲೆ ಎಡಕ್ಕೆ ಕೆಂಪು ಛಾಯೆಯ ದೊಡ್ಡ ನಕ್ಷತ್ರವಿದೆ. ಅದೇ ಆರಿದ್ರಾ. ಪಟ್ಟಿಯ ಕೆಳಗೆ ಬಲಕ್ಕೆ ನೀಲಿ ಬಿಳುಪಿನ ರೀಜೆಲ್. ಬೇಟೆಗಾರನ ತಲೆಯ ಜಾಗದಲ್ಲಿ ಮಂಕಾಗಿ ಗುಂಪಾಗಿರುವ ಮೂರು ಚಿಕ್ಕ ನಕ್ಷತ್ರಗಳೇ ಮೃಗಶಿರ.

ಪಟ್ಟಿಯ ಮೂರು ನಕ್ಷತ್ರಗಳ ಗೆರೆಯನ್ನು ಮೇಲೆ ಬಲಕ್ಕೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ ಸಿಗುತ್ತದೆ. ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ ಕೃತ್ತಿಕೆಯ ಗೊಂಚಲು. ಗೆರೆಯನ್ನು ಕೆಳಗೆ ಎಡಕ್ಕೆ ಎಳೆದರೆ ಲುಬ್ಧಕ. ರಾತ್ರಿಯ ಆಕಾಶದ ನಕ್ಷತ್ರಗಳಲ್ಲೆಲ್ಲ ಅತ್ಯಂತ ಪ್ರಕಾಶಮಾನವಾದದ್ದು. ದಕ್ಷಿಣ ದಿಗಂತದ ಕಡೆ ಅಡ್ಡಿಯಿಲ್ಲದಿದ್ದರೆ ಲುಬ್ಧಕದ ಕೆಳಗೆ ಅಗಸ್ತ್ಯವನ್ನೂ ನೋಡಬಹುದು. ಪ್ರಕಾಶದಲ್ಲಿ ಅದಕ್ಕೆ ಎರಡನೆಯ ಸ್ಥಾನ. ಹೆಚ್ಚಿನ ಯುರೋಪಿನವರಿಗೆ ಅದು ದಿಗಂತದ ಕೆಳಗೇ ಉಳಿಯುತ್ತದೆ. ನಮಗೆ ಸುಲಭವಾಗಿ ಕಾಣುತ್ತದೆ.

ಆರಿದ್ರಾದ ಎಡಕ್ಕೆ, ಈಶಾನ್ಯದ ಕಡೆ, ಹೆಚ್ಚುಕಡಿಮೆ ಸಮನಾದ ಎರಡು ನಕ್ಷತ್ರಗಳ ಜೋಡಿ ಪುನರ್ವಸು. ಮಘೆ ಏಪ್ರಿಲ್ ರಾತ್ರಿಗಳಲ್ಲಿ ನೆತ್ತಿಗೆ ಬರುತ್ತದೆ. ಚಿತ್ತೆಯನ್ನೂ ಸ್ವಾತಿಯನ್ನೂ ಮೇ ತಿಂಗಳಲ್ಲಿ, ಮುಂಗಾರಿನ ಮೋಡ ಮುಚ್ಚುವ ಮೊದಲು ನೋಡಿಬಿಡಬೇಕು.

ಆರಿದ್ರಾ ಸಾಮಾನ್ಯ ನಕ್ಷತ್ರವಲ್ಲ. ಅದನ್ನು ತಂದು ನಮ್ಮ ಸೂರ್ಯನ ಜಾಗದಲ್ಲಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ಅದರ ಹೊಟ್ಟೆಯೊಳಗೆ ಸೇರಿಹೋಗುತ್ತವೆ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಅದು ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಗಿತ್ತು. ನಕ್ಷತ್ರವೇ ಹೊರಚೆಲ್ಲಿದ ಅನಿಲ ತಣ್ಣಗಾಗಿ ಧೂಳಾಗಿ ಬೆಳಕಿಗೆ ಅಡ್ಡ ಬಂದಿತೆಂದು ವಿಜ್ಞಾನಿಗಳು ಹೇಳಿದರು. ಆಮೇಲೆ ಅದು ಮೊದಲಿನಂತಾಯಿತು.

ನಗರದ ಆಕಾಶ, ತೋಟದ ಆಕಾಶ

ನವೆಂಬರಿನಲ್ಲಿ ಕೃಷಿ ಮೇಳಕ್ಕೆಂದು ಮತ್ತೆ ಅಲ್ಲಾಳಸಂದ್ರಕ್ಕೆ ಹೋದಾಗ ರಾತ್ರಿ 9 ಗಂಟೆಗೆ ಮೊಮ್ಮಗಳನ್ನು ಕರೆದುಕೊಂಡು ತಾರಸಿ ಹತ್ತಿದೆ. ಪೂರ್ವಕ್ಕೆ ರೋಹಿಣಿ ಕಂಡಿತು. ಅದರ ಮೇಲೆ ಕೃತ್ತಿಕೆ ಇರಬೇಕಾದ ಕಡೆ ಒಂದು ಮಸುಕಾದ ಕಲೆ ಮಾತ್ರ. ರಸ್ತೆ ದೀಪ, ಅಂಗಡಿ ದೀಪಗಳ ಬೆಳಕು ಧೂಳಿಗೆ ತಾಗಿ ಆಕಾಶವೇ ಬೂದುಬಣ್ಣಕ್ಕೆ ತಿರುಗಿತ್ತು. ಆಕಾಶಗಂಗೆಯ ಸುಳಿವೇ ಇಲ್ಲ. ಕತ್ತಲಿರುವ ಊರಿನಲ್ಲಿ ಒಮ್ಮೆಗೆ ಎರಡು ಸಾವಿರಕ್ಕೂ ಹೆಚ್ಚು ನಕ್ಷತ್ರಗಳು ಬರಿಗಣ್ಣಿಗೆ ಕಾಣಬಲ್ಲವು. ಆ ತಾರಸಿಯಿಂದ ಅವಳು ಎಣಿಸಿದ್ದು ಮೂವತ್ತೊಂದು.

ಕ್ರಿಸ್‌ಮಸ್ ರಜೆಗೆ ಅವಳು ತೋಟಕ್ಕೆ ಬಂದಾಗ ಕಣದ ದೀಪ ಆರಿಸಿ ಕೃತ್ತಿಕೆಯನ್ನು ಎಣಿಸಲು ಹೇಳಿದೆ. ಆರು ಎಂದಳು, ಸ್ವಲ್ಪ ಹೊತ್ತು ನೋಡಿ ಏಳು ಎಂದಳು. ನಿಮ್ಮ ಊರಿನ ಆಕಾಶ ಎಷ್ಟು ಶುದ್ಧವಾಗಿದೆ ಎಂಬುದಕ್ಕೆ ಇದೇ ಸುಲಭ ಪರೀಕ್ಷೆ. ಅಂಗಳದಲ್ಲಿ ಬೆಳಗಿನವರೆಗೆ ಉರಿಯುವ ದೀಪಗಳನ್ನು ನಾವೂ ಹೆಚ್ಚಿಸುತ್ತಿದ್ದೇವೆ. ದೀಪಕ್ಕೆ ಮೇಲೊಂದು ತಗಡಿನ ಮರೆ ಮಾಡಿದರೆ ಬೆಳಕು ಬೇಕಾದ ಕಡೆ, ನೆಲಕ್ಕೆ, ಬೀಳುತ್ತದೆ; ಆಕಾಶವೂ ಉಳಿಯುತ್ತದೆ.

ನೋಡಲು ಉಪಕರಣ ಬೇಕಿಲ್ಲ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬಿಡಬೇಕು. ಆ ನಡುವೆ ಫೋನು ನೋಡಬಾರದು. ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡರೆ ಒಳ್ಳೆಯದು. ಹುಣ್ಣಿಮೆಯ ಆಸುಪಾಸು ಬಿಟ್ಟು ಅಮಾವಾಸ್ಯೆಯ ಕಡೆಯ ರಾತ್ರಿ ಆರಿಸಿಕೊಳ್ಳಿ. ದುರ್ಬೀನು ಇದ್ದರೆ ಬೇಟೆಗಾರನ ಪಟ್ಟಿಯ ಕೆಳಗೆ ತಿರುಗಿಸಿ. ಅಲ್ಲಿ ಕಾಣುವ ಮಂಜಿನಂಥ ತುಣುಕು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ.

ಗಾದೆಯೂ ಬೋರ್ಡೋ ದ್ರಾವಣವೂ

ಇನ್ನು ನಮ್ಮ ಹೊಟ್ಟೆಪಾಡಿನ ವಿಷಯ. ಸೂರ್ಯ ಆರಿದ್ರಾ ಭಾಗಕ್ಕೆ ಬರುವುದಕ್ಕೂ ಋತುವಿಗೂ ಇರುವ ಸಂಬಂಧ ಶಾಶ್ವತವಲ್ಲ. ಭೂಮಿಯ ಅಕ್ಷ, ನಿಧಾನವಾಗುತ್ತಿರುವ ಬುಗುರಿಯಂತೆ ಓಲಾಡುತ್ತದೆ. ಒಂದು ಓಲಾಟಕ್ಕೆ ಸುಮಾರು 25,800 ವರ್ಷ. ಇದರಿಂದ ನಕ್ಷತ್ರದ ಲೆಕ್ಕ ಋತುವಿನ ಲೆಕ್ಕಕ್ಕಿಂತ ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. ಈಗ ಸಂಕ್ರಾಂತಿ ಜನವರಿ 14ಕ್ಕೋ 15ಕ್ಕೋ ಬರುತ್ತದೆ. ಮಳೆ ನಕ್ಷತ್ರಗಳೂ ಹಾಗೆಯೇ ಸರಿಯುತ್ತಿವೆ. ಸಾವಿರ ವರ್ಷಕ್ಕೆ ಸುಮಾರು 14 ದಿನ, ಅಂದರೆ ಹೆಚ್ಚುಕಡಿಮೆ ಒಂದು ಮಳೆಯೇ ಸರಿದುಹೋಗುತ್ತದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1950ರ ದಶಕದಲ್ಲಿ ಇಂಥ ವ್ಯತ್ಯಾಸಗಳನ್ನು ಪರಿಶೀಲಿಸಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು.

ಒಬ್ಬನ ಆಯುಷ್ಯದಲ್ಲಿ ಈ ವ್ಯತ್ಯಾಸ ಒಂದು ದಿನದ ಮಾತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ನಕ್ಷತ್ರ ತಾರೀಖು ಹೇಳುತ್ತದೆ, ಮಳೆ ತರುವುದಿಲ್ಲ. ಮಳೆ ತರುವುದು ಕಾದ ನೆಲ, ಸಮುದ್ರದ ತೇವ, ನೈರುತ್ಯದ ಗಾಳಿ. ಇವು ಒಂದು ವರ್ಷ ಬೇಗ, ಒಂದು ವರ್ಷ ತಡ.

ಇದನ್ನು ನಾನು ನಷ್ಟಪಟ್ಟು ಕಲಿತೆ. ತೋಟ ನನ್ನ ಕೈಗೆ ಬಂದ ಹೊಸತರಲ್ಲಿ, ಮೃಗಶಿರ ಹುಟ್ಟುವ ಹಿಂದಿನ ದಿನ ಅಡಿಕೆಗೆ ಔಷಧಿ ಹೊಡೆಯುವುದು ನಮ್ಮ ಮನೆಯ ವಾಡಿಕೆಯಾಗಿತ್ತು. ಆ ವರ್ಷ ಮೇ ಕೊನೆಯಲ್ಲೇ ಮೋಡ ಕಟ್ಟಿತು. ಕೊನೆಗಾರ ಬಂದು, "ಅಯ್ಯಾ, ಈಗಲೇ ಹೊಡೆದುಬಿಡೋಣ" ಎಂದ. "ಇನ್ನೂ ರೋಹಿಣಿ ನಡೀತಿದೆ, ಮೃಗಶಿರಕ್ಕೆ ವಾರ ಇದೆ" ಎಂದು ನಾನು ಕಳಿಸಿಬಿಟ್ಟೆ. ಎರಡು ದಿನಕ್ಕೆ ಮಳೆ ಹಿಡಿಯಿತು. ಹದಿನೈದು ದಿನ ಬಿಡುವು ಕೊಡಲಿಲ್ಲ. ಮರ ಹತ್ತುವಂತಿಲ್ಲ, ಹೊಡೆದರೂ ನಿಲ್ಲುವಂತಿಲ್ಲ. ಆ ವರ್ಷ ಕೊಳೆರೋಗಕ್ಕೆ ಅರ್ಧಕ್ಕೂ ಹೆಚ್ಚು ಫಸಲು ಉದುರಿತು. ಪಂಚಾಂಗದ ತಪ್ಪೇನೂ ಇರಲಿಲ್ಲ. ಅದು ಹೇಳದ ಮಾತನ್ನು ನಾನು ಅದರ ಬಾಯಲ್ಲಿ ಕೇಳಿಸಿಕೊಂಡಿದ್ದೆ.

ಕೊಳೆರೋಗವನ್ನು ಮೈಸೂರು ಸಂಸ್ಥಾನದಲ್ಲಿ ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದವರು ಡಾ. ಲೆಸ್ಲಿ ಕೋಲ್ಮನ್. ಮುಂದೆ ಕೃಷಿ ನಿರ್ದೇಶಕರಾದ ಅವರ ಕಾಲದಲ್ಲೇ ಹೆಬ್ಬಾಳದ ಕೃಷಿ ಶಾಲೆ ಆರಂಭವಾಯಿತು. ಮಗನ ಮನೆಯ ದಾರಿಯಲ್ಲಿ ಹೆಬ್ಬಾಳ ದಾಟುವಾಗಲೆಲ್ಲ ಅವರ ನೆನಪಾಗುತ್ತದೆ. ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮುಂಗಾರು ಹಿಡಿಯುವ ಮೊದಲು ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ: ಇದು ಇಂದಿಗೂ ನಡೆದಿರುವ ಕ್ರಮ. "ಮುಂಗಾರು ಹಿಡಿಯುವ ಮೊದಲು" ಎಂಬುದು ಮುಖ್ಯ. ಅದನ್ನು ಹವಾಮಾನ ಮುನ್ಸೂಚನೆ ಕೇಳಿ ನಿರ್ಧರಿಸಬೇಕೇ ಹೊರತು ನಕ್ಷತ್ರದ ಹೆಸರಿನಿಂದಲ್ಲ. ಕಾಫಿಯ ಹೂಮಳೆ, ಬ್ಯಾಕಿಂಗ್ ಮಳೆಗಳಿಗೆ ತುಂತುರು ನೀರಾವರಿ ಸಿದ್ಧಮಾಡಿಕೊಳ್ಳುವವರಿಗೂ ಇದೇ ಮಾತು.

ಹಾಗೆಂದು ಹಳೆಯ ಹೆಸರುಗಳನ್ನು ಬಿಡಬೇಕಿಲ್ಲ. ಪ್ರತಿಯೊಬ್ಬ ಸದಸ್ಯರೂ ಮಳೆಮಾಪಕದ ಪುಸ್ತಕದಲ್ಲಿ ತಾರೀಖಿನ ಪಕ್ಕದಲ್ಲಿ ಮಳೆಯ ಹೆಸರನ್ನೂ ಬರೆದಿಡಲಿ. ಹತ್ತು ವರ್ಷವಾದ ಮೇಲೆ ರೋಹಿಣಿಯಲ್ಲಿ ಎಷ್ಟು ಇಂಚು, ಆರಿದ್ರೆಯಲ್ಲಿ ಎಷ್ಟು ಇಂಚು ಎಂದು ಕೂಡಿ ನೋಡಿದರೆ ನಮ್ಮ ನಮ್ಮ ತೋಟದ ಗಾದೆಯನ್ನು ನಾವೇ ಮಾಡಿಕೊಳ್ಳಬಹುದು.

ನೆನಪಿಗೆ: ಮಳೆಯ ಆರಂಭ (ಒಂದು ದಿನ ಹೆಚ್ಚುಕಡಿಮೆ) ಮತ್ತು ನಕ್ಷತ್ರ ಸಂಜೆ ಚೆನ್ನಾಗಿ ಕಾಣುವ ತಿಂಗಳು

ಕೃತ್ತಿಕೆ: ಮೇ 11 — ಜನವರಿ
ರೋಹಿಣಿ: ಮೇ 25 — ಜನವರಿ
ಮೃಗಶಿರ: ಜೂನ್ 8 — ಫೆಬ್ರವರಿ
ಆರಿದ್ರಾ: ಜೂನ್ 22 — ಫೆಬ್ರವರಿ
ಪುನರ್ವಸು: ಜುಲೈ 6 — ಮಾರ್ಚ್
ಮಘೆ: ಆಗಸ್ಟ್ 17 — ಏಪ್ರಿಲ್
ಚಿತ್ತೆ: ಅಕ್ಟೋಬರ್ 10 — ಮೇ
ಸ್ವಾತಿ: ಅಕ್ಟೋಬರ್ 24 — ಮೇ

ಈ ಪಟ್ಟಿಯನ್ನು ಕತ್ತರಿಸಿ ಮಳೆಮಾಪಕದ ಪುಸ್ತಕಕ್ಕೆ ಅಂಟಿಸಿಕೊಳ್ಳಬಹುದು. ಮೊಮ್ಮಕ್ಕಳು ಕೇಳಿದಾಗ ನನ್ನಂತೆ ಮೋಡ ತೋರಿಸುವ ಪ್ರಸಂಗ ಬಾರದಿರಲಿ.