ಮನೆಯಲ್ಲೇ ರಕ್ತಶುದ್ಧಿ

ಮೂತ್ರಪಿಂಡಗಳು ಸೋತವರಿಗೆ ಆಸ್ಪತ್ರೆಯ ಯಂತ್ರವೊಂದೇ ಗತಿಯೆಂದು ನಮ್ಮಲ್ಲಿ ಅನೇಕರು ಭಾವಿಸುವುದುಂಟು. ಮನೆಯಲ್ಲೇ ನಡೆಸಬಹುದಾದ ಪೆರಿಟೋನಿಯಲ್ ಡಯಾಲಿಸಿಸ್ ಎಂಬ ವಿಧಾನವೂ ಇದೆ.

ಹೊಟ್ಟೆಯ ಒಳಭಾಗವನ್ನು ಆವರಿಸಿರುವ ಪೆರಿಟೋನಿಯಮ್ ಎಂಬ ತೆಳುಪೊರೆಯೇ ಇಲ್ಲಿ ಜರಡಿ. ಶಸ್ತ್ರಕ್ರಿಯೆಯಿಂದ ಅಳವಡಿಸಿದ ಮೆದು ನಳಿಕೆಯ ಮೂಲಕ ಸುಮಾರು 2 ಲೀಟರ್ ದ್ರಾವಣವನ್ನು ಹೊಟ್ಟೆಯೊಳಕ್ಕೆ ಇಳಿಸುತ್ತಾರೆ. 4ರಿಂದ 6 ತಾಸುಗಳಲ್ಲಿ ರಕ್ತದ ಕಲ್ಮಶಗಳು ಪೊರೆಯನ್ನು ದಾಟಿ ಅದರಲ್ಲಿ ಸೇರುತ್ತವೆ. ದ್ರಾವಣದ ಗ್ಲೂಕೋಸ್ ಮೈಯ ಹೆಚ್ಚುವರಿ ನೀರನ್ನು ಸೆಳೆಯುತ್ತದೆ. ಬಳಿಕ ಅದನ್ನು ಹೊರಬಿಟ್ಟು ಹೊಸದನ್ನು ತುಂಬಬೇಕು. ಸಾಮಾನ್ಯವಾಗಿ ದಿನಕ್ಕೆ 4 ಬಾರಿ.

ದೊಡ್ಡ ಅಪಾಯವೆಂದರೆ ಸೋಂಕು. ಸಾಬೂನಿನಿಂದ ಕೈತೊಳೆಯದೆ ನಳಿಕೆಯನ್ನು ಮುಟ್ಟಲಾಗದು. ಹೊರಬಂದ ದ್ರವ ಮಬ್ಬಾಗಿ ಕಂಡರೆ, ಹೊಟ್ಟೆ ನೊಂದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಆದುದರಿಂದ ಇದನ್ನು ರೋಗಿಯೊಬ್ಬರ ಹೊರೆಯೆಂದು ಬಿಡದೆ, ಮನೆಮಂದಿಯೆಲ್ಲ ಕಲಿತು ಹೆಗಲು ಕೊಡೋಣ.