ಬಣ್ಣ ಬಳಿದರೆ ಹೊಗೆ ನಿಲ್ಲದು

ಬೆಳಗಾವಿಯ ಆಟೋ ನಗರದಲ್ಲಿ ನಮ್ಮ ಊರಿನವರೊಬ್ಬರ ಲಾರಿ ರಿಪೇರಿಗೆ ನಿಂತಿತ್ತು. ಅವರ ಜೊತೆ ನಾನೂ ಹೋಗಿದ್ದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿತ್ತು. ಎಫ್‌ಸಿ ಹತ್ತಿರ ಬಂದಿತ್ತು ನೋಡಿ, "ಸದ್ಯಕ್ಕೆ ಪೇಂಟ್ ಹೊಡೆದು ಕೊಡಿ, ಉಳಿದದ್ದು ಆಮೇಲೆ ನೋಡೋಣ" ಎಂದರು. ಮೇಸ್ತ್ರಿ ನಕ್ಕುಬಿಟ್ಟ. "ಬಣ್ಣಾ ಹಚ್ಚಿದ್ರ ಹೊಗಿ ನಿಲ್ತೈತೇನ್ರೀ? ರಿಂಗ್ ಸವದಾವು, ಆಯಿಲ್ ಸುಡಾಕತ್ತೈತಿ. ಇಂಜಿನ್ ಬಿಚ್ಚಬೇಕ್ರಿ."

ಆ ಮಾತು ನನಗೇ ಹೇಳಿದಂತಾಯಿತು. ಹಿಂದಿನ ವಾರವಷ್ಟೇ ಮದ್ರಸದಲ್ಲಿ ಕೋಪ ನುಂಗುವುದರ ಬಗ್ಗೆ ಪಾಠ ಮಾಡಿದ್ದೆ. ಅದೇ ಮಧ್ಯಾಹ್ನ ಊಟ ತಡವಾಯಿತೆಂದು ಮಕ್ಕಳೆದುರೇ ಹೆಂಡತಿಯ ಮೇಲೆ ರೇಗಿದೆ. ನನ್ನ ಕ್ಲಾಸಿನಲ್ಲೇ ಕಲಿಯುವ ಮಗಳು, "ಉಪ್ಪಾ, ಪಾಠದಲ್ಲಿ ಹೀಗಿಲ್ಲವಲ್ಲಾ" ಎಂದಳು. ಗಡ್ಡ, ಟೊಪ್ಪಿ, ಬಿಳಿ ಬಟ್ಟೆ ಎಲ್ಲವೂ ಸರಿಯಿತ್ತು. ಹೊಗೆ ಒಳಗಿನಿಂದ ಬರುತ್ತಿತ್ತು.

ಇಮಾಂ ಗಝ್ಝಾಲಿಯವರು ಬಗ್ದಾದಿನ ನಿಝಾಮಿಯಾ ಮದ್ರಸದಲ್ಲಿ ಸುಮಾರು 300 ಮಂದಿಗೆ ಪಾಠ ಹೇಳುತ್ತಿದ್ದ ದೊಡ್ಡ ಉಸ್ತಾದ್. 1095ರಲ್ಲಿ ಅವರು ತಮ್ಮ ನಿಯ್ಯತ್ತನ್ನೇ ಕೆದಕಿ ನೋಡಿದರು. ಪಾಠದ ಹಿಂದೆ ಇದ್ದದ್ದು ಹೆಸರು, ಸ್ಥಾನದ ಆಸೆ! ಆರು ತಿಂಗಳ ತಳಮಳದಲ್ಲಿ ಪಾಠ ಹೇಳಲು ನಾಲಿಗೆಯೇ ಏಳದಾಯಿತು. ಹುದ್ದೆ ಬಿಟ್ಟು ಹೊರಟೇಬಿಟ್ಟರು. 1106ರಲ್ಲಿ ನಿಶಾಪುರದಲ್ಲಿ ಮತ್ತೆ ಪಾಠಕ್ಕೆ ಕುಳಿತರು. ಕೆಲಸ ಹಳೆಯದೇ, ನಿಯ್ಯತ್ ಮಾತ್ರ ಹೊಸತು.

ಒಂದು ಸಮುದಾಯದ ಸ್ಥಿತಿ ಬದಲಾಗಬೇಕಾದರೆ ಅವರ ಒಳಗು ಮೊದಲು ಬದಲಾಗಬೇಕೆಂಬ ಪಾಠ ಕುರ್‌ಆನಿನ ಅರ್ರಅದ್ ಅಧ್ಯಾಯದ 11ನೇ ಸೂಕ್ತದಲ್ಲಿದೆ. ನಾವು ಇದನ್ನು ವೇದಿಕೆಯಲ್ಲಿ ಊರಿಗೆಲ್ಲ ಹೇಳುತ್ತೇವೆ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ಮರೆಯುತ್ತೇವೆ.

ಹಾಗಾದರೆ ಇಂಜಿನ್ ಬಿಚ್ಚುವುದು ಹೇಗೆ? ತೌಬಾಕ್ಕೆ ಉಲಮಾಗಳು ಹೇಳಿದ ಶರತ್ತುಗಳು ಮೂರು: ತಪ್ಪನ್ನು ಬಿಡುವುದು, ಅದಕ್ಕಾಗಿ ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು. ಮರುಕವೂ ನಿಶ್ಚಯವೂ ಒಳಗಿನವು, ಯಾರ ಕಣ್ಣಿಗೂ ಬೀಳವು. ಇನ್ನೊಬ್ಬರ ಹಕ್ಕು ಸೇರಿದ್ದರೆ ನಾಲ್ಕನೆಯದೂ ಉಂಟು. ಅವರ ಹಕ್ಕು ಹಿಂದಿರುಗಿಸಬೇಕು, ಇಲ್ಲವೇ ಅವರಿಂದಲೇ ಕ್ಷಮೆ ಪಡೆಯಬೇಕು.

ನನಗೆ ಕಷ್ಟವಾದದ್ದು ಈ ನಾಲ್ಕನೆಯದೇ. ಊರಿಗೆ ಮರಳಿದ ರಾತ್ರಿ, ರೇಗಿದ್ದು ಮಕ್ಕಳೆದುರಿಗೆ ತಾನೇ ಎಂದು, ಮಕ್ಕಳೆದುರಿಗೇ ಹೆಂಡತಿಯ ಕ್ಷಮೆ ಕೇಳಿದೆ. ಅವಳು ಏನೂ ಹೇಳಲಿಲ್ಲ, ಅನ್ನ ಬಡಿಸಿದಳು. ಕೋಪ ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ಈಗ ಊಟ ತಡವಾದರೆ ನಾನೇ ಹೋಗಿ ತಟ್ಟೆ ಇಡುತ್ತೇನೆ.