ಪಾಡ್‌ಕಾಸ್ಟ್: ಮೊದಲು ಬಾಯಿಬಿಟ್ಟ ಕಂಪನಿಗೆ ದಂಡ ಯಾಕಿಲ್ಲ?

ತಪ್ಪು ಒಪ್ಪಿಕೊಂಡ ಕಂಪನಿಗೆ ಒಂದು ರೂಪಾಯಿಯೂ ದಂಡ ಬೀಳಲಿಲ್ಲ ಅಂದ್ರೆ ಸಿಟ್ಟು ಬರುತ್ತೆ ಅಲ್ವಾ? ನನಗೂ ಬಂದಿತ್ತು. ಆದರೆ ಅದರ ಹಿಂದೆ ಒಂದು ಲೆಕ್ಕಾಚಾರ ಇದೆ.

2021ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಅಂದ್ರೆ ಸಿಸಿಐ, ಬಿಯರ್ ಕಂಪನಿಗಳ ಕಾರ್ಟೆಲ್ ಬಗ್ಗೆ ಆದೇಶ ಕೊಟ್ಟಿತು. ಪೈಪೋಟಿ ಮಾಡಬೇಕಾದವರೇ ಒಳಗೊಳಗೆ ಕೈಜೋಡಿಸಿ ಬೆಲೆ ನಿಗದಿ ಮಾಡೋದೇ ಕಾರ್ಟೆಲ್. ನಮ್ಮ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್ ಇಂಡಿಯಾಗೆ ಸುಮಾರು 121 ಕೋಟಿ ರೂಪಾಯಿ ದಂಡ ಬಿತ್ತು. ಮೂರನೆಯ ಕಂಪನಿ ಎಬಿ ಇನ್‌ಬೆವ್‌ಗೆ? ಸೊನ್ನೆ.

ಕಾರಣ, ಆಯೋಗದ ಬಾಗಿಲು ಮೊದಲು ತಟ್ಟಿದ್ದು ಅದೇ. 2016ರಲ್ಲಿ ಸ್ಯಾಬ್‌ಮಿಲ್ಲರ್ ಕಂಪನಿಯನ್ನು ಕೊಂಡ ಮೇಲೆ, 2017ರಲ್ಲಿ ಅದು ಸಿಸಿಐಗೆ ವಿಷಯ ತಿಳಿಸಿತು. 2018ರ ಅಕ್ಟೋಬರ್‌ನಲ್ಲಿ ದಾಳಿ ನಡೆದ ಮೇಲೆ ಉಳಿದಿಬ್ಬರೂ ಬಾಯಿಬಿಟ್ಟರು. ಅವರಿಗೆ ಸಿಕ್ಕ ರಿಯಾಯಿತಿ ಶೇ 40 ಮತ್ತು ಶೇ 20 ಮಾತ್ರ. ಮೇಲೆ ಹೇಳಿದ್ದು ರಿಯಾಯಿತಿ ಕಳೆದ ಮೇಲಿನ ಮೊತ್ತ! ಮೇಲ್ಮನವಿಯಲ್ಲಿ, 2022ರ ಡಿಸೆಂಬರ್‌ನಲ್ಲಿ, ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯೂ ಈ ಆದೇಶವನ್ನು ಎತ್ತಿಹಿಡಿಯಿತು.

ಯಾಕೆ ಈ ವ್ಯವಸ್ಥೆ? ನೋಡಿ, ಬೆಲೆ ಕೂಟಕ್ಕೆ ಕರಾರುಪತ್ರ ಇರಲ್ಲ. ಮಾತುಕತೆ ಗುಟ್ಟಾಗಿ ನಡೆಯುತ್ತೆ. ಹೊರಗಿನವರಿಗೆ ಕಾಣೋದು ಒಂದೇ ಥರ ಏರಿದ ಬೆಲೆ ಮಾತ್ರ, ಅದೊಂದೇ ಸಾಕ್ಷ್ಯ ಆಗಲ್ಲ. ಒಳಗಿನವರು ಹೇಳಿದರಷ್ಟೇ ಗುಟ್ಟು ರಟ್ಟು. ಹಾಗಾಗಿ ಸ್ಪರ್ಧಾ ಕಾಯ್ದೆಯ 46ನೇ ಸೆಕ್ಷನ್ ದಂಡ ಕಡಿತಕ್ಕೆ ಅವಕಾಶ ಕೊಟ್ಟಿದೆ. ಮೊದಲು ಬಂದವರಿಗೆ ಶೇ 100ರವರೆಗೆ, ಎರಡನೆಯವರಿಗೆ ಶೇ 50ರವರೆಗೆ, ಮೂರನೆಯವರಿಗೆ ಶೇ 30ರವರೆಗೆ. ಆದರೆ ಪೂರ್ತಿ ಸತ್ಯ ಹೇಳಬೇಕು, ಕೊನೆವರೆಗೂ ಸಹಕರಿಸಬೇಕು.

ಇದರಿಂದ ಕೂಟದೊಳಗೆ ಅಪನಂಬಿಕೆ ಶುರುವಾಗುತ್ತೆ. 'ಪಕ್ಕದವನು ನನಗಿಂತ ಮೊದಲು ಹೋಗಿಬಿಟ್ರೆ?' ಅನ್ನೋ ಭಯವೇ ಆಯೋಗದ ಆಯುಧ. ಆದರೆ ಸಿಕ್ಕಿಬೀಳುವ ಭಯ ಇಲ್ಲದಿದ್ದರೆ ಯಾರೂ ಮುಂದೆ ಬರಲ್ಲ. ಅದಕ್ಕೇ ದಂಡವೂ ಭಾರಿ: ಕೂಟ ನಡೆದ ಪ್ರತಿ ವರ್ಷಕ್ಕೆ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ 10, ಯಾವುದು ಹೆಚ್ಚೋ ಅಲ್ಲಿಯವರೆಗೆ ಹಾಕಬಹುದು.

ಹಾಗಂತ ಎಲ್ಲವೂ ನ್ಯಾಯವಾಯ್ತಾ? ದಂಡದ ಹಣ ಸರ್ಕಾರದ ಖಜಾನೆಗೆ ಹೋಗುತ್ತೆ, ಬಾಟಲಿಗೆ ದುಡ್ಡು ಕೊಟ್ಟ ಗ್ರಾಹಕನ ಜೇಬಿಗಲ್ಲ. ಅವನಿಗೆ ಸಿಗೋದು ಇಷ್ಟೇ: ವರ್ಷಗಟ್ಟಲೆ ನಡೆದ ಕೂಟ ನಿಲ್ಲೋದು. ಒಬ್ಬನನ್ನು ಬಿಟ್ಟು ಇಡೀ ಕೂಟವನ್ನೇ ಮುರಿಯೋದು ಲಾಭವೇ ಅಂತ ನನಗನ್ನಿಸುತ್ತೆ. ನಿಮಗೇನನ್ನಿಸುತ್ತೆ? ಮತ್ತೆ ಸಿಗೋಣ.